ಪ್ಯಾರಿಸ್ ಫ್ಯಾಷನ್ನಿನ ಸೂಜಿ ನಮ್ಮ ಬೀದಿಯಲ್ಲೇ ಇದೆ!

ಗೇಣುದ್ದವೂ ಇಲ್ಲದ ಒಂದು ಮರದ ಹಿಡಿ. ಅದರ ತುದಿಗೆ ಉಕ್ಕಿನ ಸೂಜಿ. ಸೂಜಿಗೆ ಕಣ್ಣಿಲ್ಲ, ದಾರ ಪೋಣಿಸುವ ಪ್ರಶ್ನೆಯೇ ಇಲ್ಲ. ಮೊನೆಯ ಹತ್ತಿರ ಬರೀ ಒಂದು ಕೊಕ್ಕೆ, ನೋಡಿದರೆ ಕಾಣದಷ್ಟು, ಬೆರಳಿಗೆ ತಾಕಿದರಷ್ಟೇ ತಿಳಿಯುವಷ್ಟು ಸಣ್ಣದು. ಪೆದ್ದಕಡುಬೂರು ಕಡೆಯ ಹುಡುಗಿಗೆ ಮದುವೆ ಗೊತ್ತಾದರೆ ಬ್ಲೌಸಿಗೆ ಮಗ್ಗಂ ವರ್ಕ್ ಮಾಡಿಸಲು ಮನೆಯವರು ಆದವಾನಿಗೋ ಎಮ್ಮಿಗನೂರಿಗೋ ಹೋಗುತ್ತಾರಲ್ಲ, ಅಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು ಕೂತವರ ಬಲಗೈಯಲ್ಲಿ ಆಡುವ ಆರಿ ಸೂಜಿ ಇದೇ. ಈಗ ಮುಂದಿನ ಮಾತು ಕೇಳಿ. ಶನೆಲ್, ಡಿಯೋರ್, ಈವ್ ಸಾಂ ಲೋರಾಂ ಮುಂತಾದ ಫ್ರಾನ್ಸಿನ ಮಹಾಮನೆತನಗಳ ಉಡುಪಿಗೆ ಕಸೂತಿ ಹಾಕಿಕೊಟ್ಟ ಪ್ಯಾರಿಸ್ಸಿನ ಲೆಸಾಜ್ ಎಂಬ ಕಾರ್ಯಾಗಾರವಿದೆ. ಅಲ್ಲಿನ ಕುಶಲಕರ್ಮಿಯ ಕೈಯಲ್ಲಿರುವುದು ಈ ಆರಿಯ ಒಡಹುಟ್ಟು!

ಇದು ತಿಳಿದ ಮೇಲೆ ನನಗೆ ಆ ಮಹಾಮನೆತನಗಳ ಚರಿತ್ರೆ ಬೇರೆಯೇ ಕಥೆಯಾಗಿ ಕಾಣತೊಡಗಿತು. ಗಾಜಿನ ಬಾಗಿಲ ಹಿಂದಿನ, ನಮ್ಮ ಕೈಗೆ ಎಟುಕದ ವೈಭವ ಎಂದುಕೊಂಡಿದ್ದೆವಲ್ಲ, ಅದರ ಒಂದೊಂದೇ ಎಳೆ ಬಿಡಿಸುತ್ತ ಹೋದರೆ ಹತ್ತಿ ಸಿಗುತ್ತದೆ, ಚಮ್ಮಾರರ ಆರಿ ಸಿಗುತ್ತದೆ, ಕೋರಮಂಡಲ ತೀರದ ಬಣ್ಣದ ಬೇರು ಸಿಗುತ್ತದೆ. ಪ್ಯಾರಿಸ್ಸಿನ ಸೊಗಸು ಹುಟ್ಟಿದ್ದು ಕೈಕಸುಬಿನಿಂದ. ಆ ಕಸುಬಿನ ಅರ್ಧ ಪಾಲು ನಮ್ಮ ನೆಲದ ಕೈಗಳಿಗೂ ಗೊತ್ತು!

ಚೌಕಟ್ಟು ಒಂದೇ, ಪುಡಿಯೂ ಒಂದೇ

ಮಗ್ಗಂ ವರ್ಕ್ ಹೇಗೆ ನಡೆಯುತ್ತದೆ ಎಂದು ಹತ್ತಿರ ಕೂತು ನೋಡಿ. ಮೊದಲು ಟ್ರೇಸಿಂಗ್ ಪೇಪರ್ ಮೇಲೆ ಡಿಸೈನ್ ಬರೆಯುತ್ತಾರೆ. ಬರೆದ ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕುತ್ತಾರೆ. ಪೇಪರನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಒರೆಸುತ್ತಾರೆ. ಪೇಪರ್ ಎತ್ತಿದರೆ ಮಾವಿನಕಾಯಿ, ಬಳ್ಳಿ, ನವಿಲು ಚುಕ್ಕಿ ಚುಕ್ಕಿಯಾಗಿ ಬಟ್ಟೆಯ ಮೇಲೆ ಮೂಡಿರುತ್ತವೆ. ಆಮೇಲೆ ಆರಿಯ ಕೆಲಸ. ಎಡಗೈ ಬಟ್ಟೆಯ ಕೆಳಗೆ ದಾರ ಹಿಡಿದಿರುತ್ತದೆ. ಬಲಗೈ ಮೇಲಿನಿಂದ ಚುಚ್ಚುತ್ತದೆ, ಕೊಕ್ಕೆಗೆ ದಾರ ಸಿಕ್ಕಿಸಿ ಮೇಲೆಳೆಯುತ್ತದೆ. ಒಂದು ಕುಣಿಕೆ. ಅದರೊಳಗಿಂದ ಮತ್ತೊಂದು ಕುಣಿಕೆ. ಹೀಗೆ ಸರಪಳಿಯಾಗಿ ಗೆರೆ ಓಡುತ್ತದೆ, ನಮ್ಮ ಕಣ್ಣು ಹಿಂಬಾಲಿಸಲಾರದಷ್ಟು ವೇಗದಲ್ಲಿ. ಮಣಿ, ಚಮಕಿ, ಜರದೋಸಿ, ಕುಂದನ್ ಎಲ್ಲ ಈ ಓಟದಲ್ಲೇ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಲೆಸಾಜ್‌ನಲ್ಲಿ ಏನು ಮಾಡುತ್ತಾರೆ ಗೊತ್ತೇ? ಕಾಗದದ ಮೇಲೆ ಡಿಸೈನ್ ಬರೆಯುತ್ತಾರೆ. ಗೆರೆಯುದ್ದಕ್ಕೂ ತೂತು ಹಾಕುತ್ತಾರೆ. ಪುಡಿ ಒರೆಸಿ ಗುರುತು ಇಳಿಸುತ್ತಾರೆ. ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಾರೆ. ಕೊಕ್ಕೆಯ ಸೂಜಿಯಿಂದ ಸರಪಳಿ ಹೊಲಿಗೆ ಹಾಕುತ್ತಾರೆ! ವ್ಯತ್ಯಾಸ ಇರುವುದು ಒಂದೆರಡು ಕಡೆ ಮಾತ್ರ. ಅಲ್ಲಿ ಸೂಜಿಯನ್ನು ಹಿಡಿಗೆ ಒಂದು ಪುಟ್ಟ ಸ್ಕ್ರೂನಿಂದ ಬಿಗಿದಿರುತ್ತಾರೆ. ಕೊಕ್ಕೆ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಆ ಸ್ಕ್ರೂ ಬೆರಳಿಗೆ ಹೇಳುತ್ತದೆ. ಇನ್ನೊಂದು ವ್ಯತ್ಯಾಸವಂತೂ ಮೈ ಜುಮ್ಮೆನಿಸುವಂಥದ್ದು. ಮಣಿ ಕೂರಿಸುವಾಗ ಅವರು ಬಟ್ಟೆಯನ್ನು ತಿರುವುಮುರುವು ಬಿಗಿಯುತ್ತಾರೆ. ಮಣಿ ಪೋಣಿಸಿದ ದಾರ ಕೆಳಗಿರುತ್ತದೆ, ಮುಖ ಅಲ್ಲಿ ಅರಳುತ್ತಿರುತ್ತದೆ, ಹೊಲಿಯುವವರ ಕಣ್ಣಿಗೆ ಕಾಣುವುದು ಬೆನ್ನು ಮಾತ್ರ. ಎಷ್ಟೋ ತಾಸು ಬರೀ ಬೆರಳಿನ ನಂಬಿಕೆಯ ಮೇಲೆ ಕೆಲಸ. ಪೂರ್ವ ಫ್ರಾನ್ಸಿನ ಲೂನೆವಿಲ್ ಎಂಬ ಊರಿನಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಪದ್ಧತಿ ಇದು. ಇವತ್ತಿಗೂ ಆ ಊರ ಹೆಸರಿನಿಂದಲೇ ಕರೆಯುತ್ತಾರೆ.

ಚಮ್ಮಾರರ ಆರಿ ಅರಸನ ಮನೆಗೆ ಹೋದದ್ದು

ಈ ಕೊಕ್ಕೆ ಅಲ್ಲಿಗೆ ಹೋದ ದಾರಿ ಇನ್ನೂ ಸೋಜಿಗದ್ದು. ಗುಜರಾತ್, ಕಚ್ಛ್ ಸೀಮೆಯ ಮೋಚಿಗಳು, ಅಂದರೆ ಚರ್ಮದ ಕೆಲಸದವರು, ಜೋಡು ಹೊಲಿಯುವ ಆರಿಯನ್ನೇ ಸಣ್ಣದು ಮಾಡಿ ಬಟ್ಟೆಯ ಮೇಲೆ ರೇಷ್ಮೆಯ ಹೂಬಳ್ಳಿ ಬಿಡಿಸತೊಡಗಿದರು. 17ನೇ ಶತಮಾನದಲ್ಲೇ ಖಂಭಾತ್ ಕಡೆಯಿಂದ ಆ ಸರಪಳಿ ಹೊಲಿಗೆಯ ಬಟ್ಟೆಗಳು ಹಡಗೇರಿ ಯುರೋಪಿನ ಶ್ರೀಮಂತರ ಮನೆ ಸೇರುತ್ತಿದ್ದವು. ನೂರು ವರ್ಷ ಕಳೆಯುವಷ್ಟರಲ್ಲಿ ಬಟ್ಟೆಯ ಹಿಂದೆಯೇ ಕೊಕ್ಕೆಯೂ ಹೋಯಿತು! 15ನೇ ಲೂಯಿ ದೊರೆಯ ಕಸೂತಿ ವಿನ್ಯಾಸಗಾರ ಸೇಂಟ್ ಓಬಾಂ ತನ್ನ ಕಸುಬಿನ ಬಗ್ಗೆ 1770ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ದುಂಡು ಚೌಕಟ್ಟಿನ ಮೇಲೆ ಕೊಕ್ಕೆಯಿಂದ ಹಾಕುವ ಈ ಹೊಲಿಗೆ ಆಗಿನ್ನೂ ಫ್ರಾನ್ಸಿಗೆ ಹೊಸದು. ಅದು ಪೂರ್ವದಿಂದ ಬಂದ ವಿದ್ಯೆ ಎಂದು ಜವಳಿ ಚರಿತ್ರೆ ಬರೆದವರು ಹೇಳುತ್ತಾರೆ.

ಆ ಕಾಲದ ಒಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಚಿತ್ರಕಾರ ದ್ರೂಯೆ, ಕಾಲ 1763-64. ಅದರಲ್ಲಿರುವಾಕೆ ಇಡೀ ಫ್ರಾನ್ಸಿನ ಅಭಿರುಚಿಯನ್ನು ತನ್ನ ಬೆರಳ ತುದಿಯಲ್ಲಿ ಆಡಿಸಿದ ಮದಾಂ ದ ಪೊಂಪದೂರ್. ಸುತ್ತ ಪುಸ್ತಕ, ಪಕ್ಕದಲ್ಲಿ ಸಾಕುನಾಯಿ, ಮೈತುಂಬ ಹೂವಿನ ಗೌನು. ಮುಂದೆ ಏನಿದೆ? ಕಸೂತಿ ಚೌಕಟ್ಟು! ಅರಸನಿಗೆ ಅಷ್ಟು ಹತ್ತಿರವಾದವಳು ತನ್ನನ್ನು ಮುಂದಿನ ಕಾಲ ಹೇಗೆ ನೆನೆಯಬೇಕೆಂದು ಯೋಚಿಸಿ ಆರಿಸಿಕೊಂಡದ್ದು ಕಿರೀಟವನ್ನಲ್ಲ, ವಜ್ರವನ್ನಲ್ಲ, ಕಸೂತಿ ಚೌಕಟ್ಟಿನ ಮುಂದೆ ಕೂರುವ ಭಂಗಿಯನ್ನು!

ಅದೇ ಹೊತ್ತಿನಲ್ಲಿ ನಮ್ಮ ಆದವಾನಿಯಲ್ಲಿ ಯಾರಿದ್ದರು? ನಿಜಾಮನ ಮನೆತನದ ಬಸಾಲತ್ ಜಂಗ್. ಆದವಾನಿ ಅವನ ಜಹಗೀರು. ಅವನ ಚಾಕರಿಯಲ್ಲಿ ಒಂದು ಫ್ರೆಂಚ್ ಪಡೆಯೇ ಇತ್ತು. ಅದರ ಸೇನಾನಿ ಲಾಲಿ ಎಂಬವನು. ಬ್ರಿಟಿಷರು ಇದನ್ನು ಸಹಿಸದೆ 1779ರ ಸುಮಾರಿಗೆ ಆ ಪಡೆಯನ್ನು ಬಿಡಿಸಿದರು. ಲಾಲಿ ಹೈದರಾಲಿಯ ಕಡೆ ಸೇರಿದ. 1786ರಲ್ಲಿ ಟಿಪ್ಪು ಆದವಾನಿ ಕೋಟೆಯನ್ನು ಗೆದ್ದ. ಅಂದರೆ ಫ್ರೆಂಚ್ ಮಾತು ಈ ಸೀಮೆಯ ಗಾಳಿಗೆ ಹೊಸದಲ್ಲ! ಇತ್ತ ಅವರ ಬಂದೂಕು ಇಲ್ಲಿಗೆ ಬಂದಿತ್ತು, ಅತ್ತ ನಮ್ಮ ಬಟ್ಟೆ ಅವರ ಮನೆಯೊಳಗೆ ಹೊಕ್ಕಿತ್ತು. ಎರಡರಲ್ಲಿ ಗೆದ್ದು ಉಳಿದದ್ದು ಬಟ್ಟೆ.

ಹತ್ತಿಗೆ ಹೆದರಿದ ಸಾಮ್ರಾಜ್ಯ

ಪೆದ್ದಕಡುಬೂರಿನ ಸುತ್ತ ಎರೆಹೊಲದಲ್ಲಿ ಹತ್ತಿ ಒಡೆಯುವ ಕಾಲಕ್ಕೆ ಹೋಗಿ ನಿಂತರೆ ಭೂಮಿಯೇ ಬೆಳ್ಳಗಾಗಿರುತ್ತದೆ. ಮಡಿಲು ಕಟ್ಟಿದ ಹೆಣ್ಣುಮಕ್ಕಳು ಸಾಲಾಗಿ ಬಿಡಿಸುತ್ತ ಬರುತ್ತಾರೆ. ಆದವಾನಿಯ ಮಾರುಕಟ್ಟೆಗೆ ಹೋಗುವ ಗಾಡಿಗಳು ದಾರಿಯುದ್ದಕ್ಕೂ ಮುಳ್ಳುಕಂಟಿಗೆಲ್ಲ ಅರಳೆ ತೊಡಿಸಿ ಹೋಗುತ್ತವೆ. ಈ ಬಿಳಿ ಅರಳೆಯ ಹೆಸರು ಕೇಳಿ ಒಂದು ಕಾಲಕ್ಕೆ ಫ್ರಾನ್ಸಿನ ಸಿಂಹಾಸನ ನಡುಗಿತ್ತು ಎಂದರೆ ನಂಬುತ್ತೀರಾ?

ಭಾರತದ ಬಣ್ಣದ ಹತ್ತಿಬಟ್ಟೆಗೆ ಫ್ರಾನ್ಸಿನ ಜನ ಎಷ್ಟು ಮರುಳಾದರೆಂದರೆ ಅಲ್ಲಿನ ರೇಷ್ಮೆ, ಉಣ್ಣೆ ನೇಕಾರರು ಬೀದಿಗೆ ಬೀಳುವ ಭಯ ಹುಟ್ಟಿತು. 1686ರಲ್ಲಿ ಅರಸ ಅಂಥ ಬಟ್ಟೆಯನ್ನೇ ನಿಷೇಧಿಸಿದ. ತರುವಂತಿಲ್ಲ, ಅಚ್ಚು ಹಾಕುವಂತಿಲ್ಲ, ಕೊನೆಗೆ ಉಡುವಂತೆಯೂ ಇಲ್ಲ! ನಿಷೇಧ 1759ರವರೆಗೆ, ಎಪ್ಪತ್ತಕ್ಕೂ ಹೆಚ್ಚು ವರ್ಷ, ನಡೆಯಿತು. ಜನ ಕೇಳಿದರೇ? ಕದ್ದು ತಂದರು, ಕದ್ದು ಉಟ್ಟರು. ಪೊಂಪದೂರ್ ತನ್ನ ಮನೆಯನ್ನೇ ಅದರಿಂದ ಸಿಂಗರಿಸಿಕೊಂಡಳೆಂದು ಹೇಳುತ್ತಾರೆ.

ಆ ಮೋಹಕ್ಕೆ ಕಾರಣ ಬಣ್ಣ. ಯುರೋಪಿನಲ್ಲಿ ಹತ್ತಿಯ ಮೇಲೆ ಹಾಕಿದ ಬಣ್ಣ ನೀರು ಕಂಡರೆ ಹೋಗುತ್ತಿತ್ತು. ನಮ್ಮದು ಒಗೆದಷ್ಟೂ ಹೊಳೆಯುತ್ತಿತ್ತು! ಗುಟ್ಟು ಪಟಿಕದಲ್ಲಿತ್ತು. ಪಟಿಕದ ನೀರಿನಿಂದ ಬರೆದ ಕಡೆಯಲ್ಲಷ್ಟೇ ಬೇರಿನ ಕೆಂಪು ಬಟ್ಟೆಯ ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಉಳಿದ ಕಡೆ ಒಗೆದು ಬಿಸಿಲಿಗೆ ಹಾಕಿದರೆ ಮತ್ತೆ ಬಿಳುಪು. ಈ ಗುಟ್ಟನ್ನು ಕೋರಮಂಡಲದ ಬಣ್ಣಗಾರರಿಂದ ಕೇಳಿ ತಿಳಿದು 1742ರಲ್ಲಿ ಫ್ರಾನ್ಸಿಗೆ ಪತ್ರ ಬರೆದವನು ಕೂರ್ದೂ ಎಂಬ ಪಾದ್ರಿ. ತೆಲುಗು ಕಲಿತು ತೆಲುಗು, ಫ್ರೆಂಚ್, ಸಂಸ್ಕೃತಗಳ ನಿಘಂಟನ್ನೂ ಸಿದ್ಧ ಮಾಡಿದ ವಿದ್ವಾಂಸ ಅವನು. ನಿಷೇಧ ತೆಗೆದ ಮರುವರ್ಷವೇ, 1760ರಲ್ಲಿ, ಓಬರ್‌ಕಾಂಫ್ ಎಂಬವನು ಪ್ಯಾರಿಸ್ಸಿನ ಹತ್ತಿರದ ಜೂಯಿ ಊರಿನಲ್ಲಿ ಅಚ್ಚಿನ ಬಟ್ಟೆಯ ಕಾರ್ಖಾನೆ ತೆರೆದ. ತಿಳಿ ಬಣ್ಣದ ಹತ್ತಿಬಟ್ಟೆಯ ಮೇಲೆ ಕೆಂಪಿನಲ್ಲೋ ನೀಲಿಯಲ್ಲೋ ಮರ, ಮೃಗ, ಹಳ್ಳಿಗರ ಚಿತ್ರಗಳು. ಅದೇ ಜಗತ್ತಿಗೆಲ್ಲ ಹೆಸರಾದ 'ತ್ವಾಲ್ ದ ಜೂಯಿ'.

ಈಗ ಹತ್ತಿರ ಹತ್ತಿರ ಇನ್ನೂರು ವರ್ಷ ದಾಟಿ 1947ಕ್ಕೆ ಬನ್ನಿ. ಕ್ರಿಸ್ತಿಯಾಂ ಡಿಯೋರ್ ಪ್ಯಾರಿಸ್ಸಿನ 30, ಅವೆನ್ಯೂ ಮೊಂಟೇನ್‌ನಲ್ಲಿ ತನ್ನ ಮೊದಲ ಪುಟ್ಟ ಅಂಗಡಿ ತೆರೆದಾಗ ಅದರ ಒಳಾಂಗಣಕ್ಕೆ ಹೊದಿಸಿದ್ದು ಯಾವ ಬಟ್ಟೆ? ಜೂಯಿಯದು! ಇವತ್ತು ಡಿಯೋರ್ ಬ್ಯಾಗಿನ ಮೇಲೆ ಹುಲಿ, ಸಿಂಹ, ಮರಗಿಡಗಳ ಒಂದೇ ಬಣ್ಣದ ಚಿತ್ತಾರ ಕಂಡರೆ ಅದರ ಬೇರು ಎಲ್ಲಿಯವರೆಗೆ ಇಳಿದಿದೆ ನೋಡಿ: ಕೋರಮಂಡಲದ ಬಣ್ಣದ ತೊಟ್ಟಿಯವರೆಗೆ.

ಇನ್ನೊಂದು ಸಂಗತಿಯಂತೂ ಆದವಾನಿಯ ಹತ್ತಿ ವ್ಯಾಪಾರಿಗಳು ಕೇಳಲೇಬೇಕಾದದ್ದು. ಡಿಯೋರ್ ಮನೆತನಕ್ಕೆ ಬಂಡವಾಳ ಹಾಕಿದವನು ಯಾರು? ಮಾರ್ಸೆಲ್ ಬೂಸಾಕ್, ಫ್ರಾನ್ಸಿನಲ್ಲಿ 'ಹತ್ತಿಯ ರಾಜ' ಎಂದೇ ಹೆಸರಾದವನು! ಮುಳುಗುತ್ತಿದ್ದ ಒಂದು ಹಳೆಯ ಕಂಪನಿಯನ್ನು ಎತ್ತಿ ನಿಲ್ಲಿಸು ಎಂದು ಅವನು ಕೇಳಿದ. ಬೇಡ, ನನ್ನ ಹೆಸರಿನಲ್ಲೇ ಹೊಸ ಮನೆ ಕಟ್ಟುತ್ತೇನೆ ಎಂದ ಡಿಯೋರ್. 1946ರ ಡಿಸೆಂಬರಿನಲ್ಲಿ ಮನೆ ಎದ್ದಿತು. 1947ರ ಫೆಬ್ರುವರಿ 12ರಂದು ಮೊದಲ ಪ್ರದರ್ಶನ. ಯುದ್ಧದ ಬರಗಾಲದಲ್ಲಿ ಬಟ್ಟೆಗೂ ರೇಷನ್ನು ಕಂಡು ಮೋಟು ಲಂಗಕ್ಕೆ ಒಗ್ಗಿಹೋದ ಕಣ್ಣುಗಳ ಮುಂದೆ ಗಜಗಟ್ಟಲೆ ಬಟ್ಟೆ ನುಂಗಿದ, ಮೀನಖಂಡ ಮುಚ್ಚುವ ಘೇರಿನ ಲಂಗಗಳು ಬೀಸಿಕೊಂಡು ಬಂದವು. ಕಣಜದ ನಡುವಿನಂಥ ಸಣ್ಣ ಸೊಂಟ, ಇಳಿದ ಭುಜ, ತುಂಬಿದ ನಿತಂಬ. ಅದೇ 'ನ್ಯೂ ಲುಕ್'. ಎಪ್ಪತ್ತೈದು ವರ್ಷ ಮೀರಿದರೂ ಆ ಬಾರ್ ಜಾಕೆಟ್ಟಿನ ನಡು ನೋಡಿ ಡಿಯೋರ್ ಎಂದು ಗುರುತಿಸುತ್ತಾರೆ. ಅದನ್ನು ನಿಲ್ಲಿಸಿದ ದುಡ್ಡು ಹತ್ತಿಯ ದುಡ್ಡು!

ತೊಡಕೇ ಛಾಪು ಆದ ಬಗೆ

ಈ ಮನೆತನಗಳ ಗುರುತುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ನಾನು ಬೆರಗಾದದ್ದು ಇದಕ್ಕೆ: ಯಾವುದೂ ಅಲಂಕಾರಕ್ಕೆಂದು ಹುಟ್ಟಿದ್ದಲ್ಲ. ಕಸುಬಿನಲ್ಲಿ ಒಂದು ತೊಡಕು ಬಂತು, ಕೈ ಅದನ್ನು ಬಿಡಿಸಿತು, ಬಿಡಿಸಿದ ರೀತಿಯೇ ಮನೆತನದ ಛಾಪು ಆಯಿತು.

ಎರ್ಮೆಸ್ ತೆಗೆದುಕೊಳ್ಳಿ. 1837ರಲ್ಲಿ ತಿಯೆರಿ ಎರ್ಮೆಸ್ ಪ್ಯಾರಿಸ್ಸಿನಲ್ಲಿ ತೆರೆದದ್ದು ಕುದುರೆಯ ಸಲಕರಣೆಯ ಅಂಗಡಿ. ಕುದುರೆ ನಾಗಾಲೋಟದಲ್ಲಿದ್ದಾಗ ಹೊಲಿಗೆ ಬಿಚ್ಚಿಕೊಂಡರೆ ಸವಾರನ ಜೀವವೇ ಹೋದೀತು. ಅದಕ್ಕೆ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಜೇನುಮೇಣ ಸವರಿದ ನಾರುದಾರ. ಆರಿಯಿಂದ ತೂತು ಹಾಕಿ, ಒಂದೇ ತೂತಿನಲ್ಲಿ ಒಂದು ಸೂಜಿ ಈಚೆಯಿಂದ, ಇನ್ನೊಂದು ಆಚೆಯಿಂದ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ! ಮಾಮೂಲಿ ಹೊಲಿಗೆ ಯಂತ್ರಕ್ಕೆ ಒಗ್ಗದ ಹೊಲಿಗೆ ಇದು. ಇವತ್ತು ಲಕ್ಷಗಟ್ಟಲೆ ಬೆಲೆಯ ಕೆಲ್ಲಿ, ಬರ್ಕಿನ್ ಬ್ಯಾಗುಗಳನ್ನು ಹಿಡಿದಿರುವುದೂ ಇದೇ ಜೀನಿನ ಹೊಲಿಗೆ. ಎರಡು ಮಗ್ಗುಲೂ ಒಂದೇ ತರಹ ಕಾಣುತ್ತದೆ.

ಎರಡು ಮಗ್ಗುಲೂ ಒಂದೇ ತರಹ! ಈ ಮಾತು ಕಿವಿಗೆ ಬಿದ್ದೊಡನೆ ಧಾರವಾಡದ ಕಡೆಯ ಯಾವ ಅಜ್ಜಿಯಾದರೂ ತಲೆದೂಗಿಯಾಳು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಕಸೂತಿಯಲ್ಲಿ ನಾಲ್ಕು ಹೊಲಿಗೆ. ಅದರಲ್ಲಿ ಗವಂತಿ ನೋಡಿ: ಗಂಟಿಲ್ಲದ ದಾರ ಬಟ್ಟೆಯ ಎಳೆ ಎಣಿಸಿಕೊಂಡು ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗುತ್ತದೆ, ಬಂದ ದಾರಿಯಲ್ಲೇ ಮರಳುತ್ತ ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಮುಖಕ್ಕೂ ಬೆನ್ನಿಗೂ ವ್ಯತ್ಯಾಸವಿಲ್ಲ. ಎರ್ಮೆಸ್‌ನ ಹೊಲಿಗೆಯನ್ನು ಇದರ ಪಕ್ಕ ಇಟ್ಟು ದಾರದ ಹಾದಿಯನ್ನು ಬೆರಳಿನಿಂದ ಹಿಡಿದು ನೋಡಿ. ಎರಡು ಸೂಜಿ ಒಟ್ಟಿಗೆ ನಡೆದ ದಾರಿಯನ್ನು ಕಸೂತಿಯ ಒಂದು ಸೂಜಿ ಹೋಗಿಬಂದು ಮುಗಿಸುತ್ತದೆ, ಅಷ್ಟೆ. ಕಟ್ಟಡ ಒಂದೇ! ಪ್ಯಾರಿಸ್ಸಿನ ಜೀನುಗಾರನಿಗೂ ಧಾರವಾಡದ ಅಜ್ಜಿಗೂ ಒಂದೇ ಹಾದಿ ಹೊಳೆದದ್ದು ನನಗಂತೂ ಪವಾಡದಂತೆ ಕಾಣುತ್ತದೆ.

ಲೂಯಿ ವಿಟಾನ್ ಜೂರಾ ಬೆಟ್ಟದ ಹಳ್ಳಿಯಿಂದ ಹರೆಯ ಮೂಡುವ ಮುಂಚೆಯೇ ಕಾಲ್ನಡಿಗೆಯಲ್ಲಿ ಪ್ಯಾರಿಸ್ಸಿಗೆ ಹೊರಟ ಹುಡುಗ. ಪೆಟ್ಟಿಗೆ ಮಾಡುವವನ ಹತ್ತಿರ ಕೆಲಸಕ್ಕೆ ಸೇರಿದ, 1854ರಲ್ಲಿ ತನ್ನದೇ ಅಂಗಡಿ ಇಟ್ಟ. ಆಗಿನ ಪೆಟ್ಟಿಗೆಗಳ ಮುಚ್ಚಳ ದುಂಡಗೆ. ಮಳೆನೀರು ಜಾರಲಿ ಎಂದು. ರೈಲಿನಲ್ಲಿ, ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುವಂತಿರಲಿಲ್ಲ. ಅವನು ಮುಚ್ಚಳವನ್ನು ಚಪ್ಪಟೆ ಮಾಡಿ, ನೀರಿಳಿಯದ ಬೂದುಬಣ್ಣದ ಕ್ಯಾನ್ವಾಸ್ ಹೊದಿಸಿದ. ಜನ ನಕಲು ಮಾಡತೊಡಗಿದರು. ನಕಲು ತಡೆಯಲು 1888ರಲ್ಲಿ ಚೌಕಳಿ ಬಂತು. ಅದನ್ನೂ ಬಿಡಲಿಲ್ಲ. 1896ರಲ್ಲಿ ಮಗ ಜಾರ್ಜ್ ಅಪ್ಪನ ಹೆಸರಿನ ಅಕ್ಷರಗಳನ್ನೇ ಹೂಗಳ ನಡುವೆ ಹೆಣೆದ. ಜಗತ್ತು ದೂರದಿಂದಲೇ ಗುರುತಿಸುವ ಆ ಎಲ್, ವಿ ಅಕ್ಷರಗಳು ಹುಟ್ಟಿದ್ದು ಕಳ್ಳರ ಕಾಟದಿಂದ! ಬರೋಡದ ಮಹಾರಾಜರಿಗೆ 1926ರಲ್ಲಿ ಈ ಮನೆತನ ಚಹಾದ ಸಾಮಾನಿಗೆಂದೇ ಒಂದು ಪೆಟ್ಟಿಗೆ ಮಾಡಿಕೊಟ್ಟಿತ್ತು.

ದೂರದಿಂದ ಗುರುತಿಸುವ ಮಾತು ಬಂದರೆ ಇಳಕಲ್ ಸೀರೆಯನ್ನು ಬಿಟ್ಟು ಮುಂದೆ ಹೋಗುವುದು ಹೇಗೆ! ಸಂತೆಯ ಗದ್ದಲದಲ್ಲೂ ಆ ಕೆಂಪು ಸೆರಗು, ಅದರ ಮೇಲಿನ ಬಿಳಿಯ ತೋಪ್ ತೆನೆ ಕಂಡರೆ ಸಾಕು, ಹೆಸರು ಕೇಳಬೇಕಾಗಿಲ್ಲ. ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು, ಎಲ್ಲ ಆ ಸೆರಗಿನಲ್ಲಿವೆ. ಇದೂ ತೊಡಕಿನಿಂದ ಹುಟ್ಟಿದ್ದೇ. ರೇಷ್ಮೆ ತುಟ್ಟಿ. ಮೈಗೆ ಹತ್ತಿಯ ಹಾಸು ಇರಲಿ, ಸೆರಗಿಗೆ ಮಾತ್ರ ರೇಷ್ಮೆಯ ಹಾಸು ಇರಲಿ. ಆದರೆ ಎರಡು ಬೇರೆ ಬೇರೆ ಹಾಸನ್ನು ಒಂದೇ ಸೀರೆಯಲ್ಲಿ ಕೂಡಿಸುವುದು ಹೇಗೆ? ನೇಕಾರರು ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಕೊಂಡಿ ಹಾಕಿದರು. ಇಡೀ ಸೀರೆಯ ಅಗಲಕ್ಕೆ, ಒಂದು ಎಳೆಯನ್ನೂ ಬಿಡದೆ! ಜಡೆ ಹಾಕಿದ ಹಾಗೆ ಕೂಡಿಕೊಂಡ ಆ ಜಾಗವನ್ನು ಬೆರಳಿನಿಂದ ಸವರಿದರೆ ಎಲ್ಲಿ ಹತ್ತಿ ಮುಗಿಯಿತು, ಎಲ್ಲಿ ರೇಷ್ಮೆ ಶುರುವಾಯಿತು ಎಂದು ಹೇಳುವುದು ಕಷ್ಟ. ಕಡಿಮೆ ರೇಷ್ಮೆಯಲ್ಲಿ ತುಂಬು ಸಿರಿ. ಚಪ್ಪಟೆ ಮುಚ್ಚಳಕ್ಕಿಂತ ಯಾವುದರಲ್ಲಿ ಕಡಿಮೆ ಈ ಬುದ್ಧಿ?

ಕೊಕೊ ಶನೆಲ್ ಅನಾಥಾಲಯದಲ್ಲಿ ಬೆಳೆದವಳು. 1910ರಲ್ಲಿ ಪ್ಯಾರಿಸ್ಸಿನ ಕಾಂಬೋಂ ಬೀದಿಯಲ್ಲಿ ಟೋಪಿ ಅಂಗಡಿ ಇಟ್ಟಳು. ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಹೆಣಿಗೆಯ ಜರ್ಸಿ ಬಟ್ಟೆಯಲ್ಲಿ ಹೆಂಗಸರ ಉಡುಪು ಹೊಲಿದಳು. ಬಿಗಿ ಕಟ್ಟುಗಳಿಂದ ಮೈ ಬಿಡುಗಡೆ ಪಡೆಯಿತು. 1926ರಲ್ಲಿ ಸರಳ ಕಪ್ಪು ಉಡುಪು. 1955ರ ಫೆಬ್ರುವರಿಯಲ್ಲಿ ಹೆಗಲಿಗೆ ಸರಪಳಿಯಿಂದ ತೂಗುವ, ದಿಂಬಿನಂತೆ ಗೆರೆ ಹೊಲಿದ ಬ್ಯಾಗು. ಹೆಂಗಸರ ಎರಡೂ ಕೈ ಖಾಲಿಯಾದವು! ಅವಳ ಟ್ವೀಡ್ ಜಾಕೆಟ್ಟಿನ ಒಳಮಗ್ಗುಲು ತಿರುಗಿಸಿ ನೋಡಿದರೆ ಅಂಚಿನುದ್ದಕ್ಕೂ ಒಂದು ಸಣ್ಣ ಲೋಹದ ಸರಪಳಿ ಹೊಲಿದಿರುತ್ತಾರೆ. ಹೊರಗೆ ಯಾರಿಗೂ ಕಾಣದು. ಜಾಕೆಟ್ಟು ಮೇಲೇಳದೆ, ಮುದುಡದೆ, ನೆಟ್ಟಗೆ ಇಳಿಬೀಳಲಿ ಎಂದು ಅಷ್ಟೇ. ಸೀರೆಗೆ ಫಾಲ್ ಹಚ್ಚಿಸದೆ ಉಡದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಬಟ್ಟೆಯ ಭಾರವೇ ಅದರ ನಡಿಗೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ.

600 ತಾಸು, ಒಂದು ಜಾಕೆಟ್ಟು

ಈಗ ಲೆಸಾಜ್ ಕಡೆಗೆ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಮಿಶೋನೆ ಎಂಬ ಕಸೂತಿ ಕಾರ್ಯಾಗಾರ ಶುರುವಾಯಿತು. ಅದೇ ವರ್ಷ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ದರ್ಜಿ ಪ್ಯಾರಿಸ್ಸಿನಲ್ಲೇ ತನ್ನ ಮನೆತನ ಸ್ಥಾಪಿಸಿದ. ಅವನಿಗೆ ಮುಂಚೆ ದರ್ಜಿ ಗಿರಾಕಿ ಹೇಳಿದ್ದನ್ನು ಹೊಲಿಯುತ್ತಿದ್ದ. ವರ್ತ್ ತಾನು ಕಲ್ಪಿಸಿದ್ದನ್ನು ಹೊಲಿದು, ಒಳಗೆ ತನ್ನ ಹೆಸರಿನ ಪಟ್ಟಿ ಹಚ್ಚಿದ! ಫ್ಯಾಷನ್ ಮನೆತನ ಎಂಬುದು ಹುಟ್ಟಿದ್ದೇ ಅಲ್ಲಿಂದ. ಅವನಿಗೆ ಕಸೂತಿ ಹಾಕಿಕೊಡುತ್ತಿದ್ದದ್ದು ಮಿಶೋನೆ. 1924ರಲ್ಲಿ ಆಲ್ಬರ್ ಮತ್ತು ಮಾರಿ ಲೂಯಿಸ್ ಲೆಸಾಜ್ ದಂಪತಿ ಅದನ್ನು ಕೊಂಡರು. 1949ರಲ್ಲಿ ಅಪ್ಪ ತೀರಿಕೊಂಡಾಗ ಮಗ ಫ್ರಾನ್ಸ್ವಾನಿಗೆ ಇಪ್ಪತ್ತು ವರ್ಷ. ಮುಂದಿನ ಅರ್ಧ ಶತಮಾನ ಪ್ಯಾರಿಸ್ಸಿನ ಯಾವ ದೊಡ್ಡ ಮನೆತನವೂ ಅವನ ಬಾಗಿಲು ತಟ್ಟದೆ ಇರಲಿಲ್ಲ.

1988ರಲ್ಲಿ ಈವ್ ಸಾಂ ಲೋರಾಂ ಅವನ ಮುಂದೆ ಇಟ್ಟ ಸವಾಲು ಕೇಳಿ. ವ್ಯಾನ್ ಗೋ ಬರೆದ ಐರಿಸ್ ಹೂಗಳ ಚಿತ್ರ ಒಂದು ಜಾಕೆಟ್ಟಿನ ಮೇಲೆ ಬರಬೇಕು, ಅಚ್ಚಿನಲ್ಲಲ್ಲ, ಸೂಜಿಯಲ್ಲಿ. ಕುಂಚದ ಒಂದೊಂದು ಎಳೆತವೂ ಕಾಣಬೇಕು! ಒಂದು ಜಾಕೆಟ್ಟಿಗೆ ಸುಮಾರು 600 ತಾಸಿನ ಕೆಲಸ. 2,50,000 ಚಮಕಿ, 2,00,000 ಮಣಿ, 250 ಮೀಟರ್ ರಿಬ್ಬನ್ನು. ಬಣ್ಣದ ಮೇಲೆ ಬಣ್ಣ ಕೂಡುವ ಹಾಗೆ ಚಮಕಿಯ ಪಕ್ಕ ಮಣಿ, ಮಣಿಯ ಪಕ್ಕ ಮಡಿಸಿದ ರಿಬ್ಬನ್ನು. ಬಣ್ಣದ ಮುದ್ದೆಯ ಬದಲು ಹೊಳಪಿನ ಮುದ್ದೆ. ಚಿತ್ರಕಾರ ದಿನಗಳಲ್ಲಿ ಬರೆದದ್ದನ್ನು ಸೂಜಿ ವಾರಗಟ್ಟಲೆ ಕೂತು ಮತ್ತೆ ಬರೆಯಿತು.

ಆ ಮನೆಯ ದೊಡ್ಡ ಆಸ್ತಿ ಬೇರೆಯೇ ಇದೆ. ಮಾಡಿದ ಪ್ರತಿ ಕಸೂತಿಯ ಒಂದೊಂದು ತುಣುಕನ್ನು ಅವರು ಕಾಯ್ದಿಟ್ಟಿದ್ದಾರೆ. 70,000ಕ್ಕೂ ಹೆಚ್ಚು ಮಾದರಿಗಳು! ಮಿಶೋನೆ ಕಾಲದ್ದೂ ಇವೆ. ಇವತ್ತು ಕೆಲಸಕ್ಕೆ ಸೇರಿದ ಹುಡುಗಿ ನೂರೈವತ್ತು ವರ್ಷದ ಹಿಂದಿನ ಕೈಯ ಕೆಲಸವನ್ನು ತಿರುಗಿಸಿ, ಬೆನ್ನು ನೋಡಿ, ಪಾಠ ಕಲಿಯಬಹುದು. 1992ರಲ್ಲಿ ಅವರು ಶಾಲೆಯನ್ನೂ ತೆರೆದರು. 2002ರಲ್ಲಿ ಶನೆಲ್ ಇಡೀ ಕಾರ್ಯಾಗಾರವನ್ನೇ ಕೊಂಡು ಉಳಿಸಿಕೊಂಡಿತು. ಈ ಕಸುಬು ಹೋದರೆ ತನ್ನ ಹೆಸರೂ ಹೋಗುತ್ತದೆಂದು ಅದಕ್ಕೆ ಗೊತ್ತು. ಈಗ ಪ್ಯಾರಿಸ್ಸಿನ ಅಂಚಿನ ಒಂದೇ ಕಟ್ಟಡದಲ್ಲಿ ಸುಮಾರು 600 ಮಂದಿ ಕಸೂತಿ, ಗರಿ, ಟೋಪಿ, ನೆರಿಗೆಯ ಕುಶಲಿಗರು ಕೂಡಿ ಕೆಲಸ ಮಾಡುತ್ತಾರೆ.

ದಾರಿ ಮತ್ತೆ ನಮ್ಮ ಕಡೆ ತಿರುಗಿದೆ. ಫ್ರಾನ್ಸ್ವಾ ಲೆಸಾಜ್‌ನ ಮಗ ಜಾಂ ಫ್ರಾನ್ಸ್ವಾ 1990ರ ದಶಕದಲ್ಲಿ ಬಂದು ಕಸೂತಿ ಕಾರ್ಯಾಗಾರ ಕಟ್ಟಿದ್ದು ಎಲ್ಲಿ? ಚೆನ್ನೈಯಲ್ಲಿ! ಆದವಾನಿಯಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ತಲುಪುವ ದೂರದಲ್ಲಿ. 2023ರ ಮಾರ್ಚ್ 30ರಂದು ಡಿಯೋರ್ ತನ್ನ ಪ್ರದರ್ಶನವನ್ನು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಡೆಸಿತು. ಅಲ್ಲಿ ಎತ್ತರಕ್ಕೆ ನಿಂತ ಕಸೂತಿಯ ತೋರಣ ಮುಂಬಯಿಯ ಚಾಣಕ್ಯ ಸಂಸ್ಥೆಯ ಕುಶಲಕರ್ಮಿಗಳದ್ದು. ಅದೇ ವರ್ಷ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಬರೆದರು. 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯ ಹೊಲಿಗೆ ಅದು. ಕನ್ನಡಿಚೂರು, ಕವಡೆ, ಬಣ್ಣದ ತೇಪೆ, ಆ ಬೆರಳುಗಳ ಲೆಕ್ಕಾಚಾರ! ಪ್ಯಾರಿಸ್ಸಿನ ಯಾವ ಮಾದರಿ ಪುಸ್ತಕವಾದರೂ ಎದೆಗೊತ್ತಿಕೊಳ್ಳುವಂಥದ್ದು.

ಮನೆತನ ಕಟ್ಟುವುದು ಹೇಗೆ

ಹಾಗಾದರೆ ಲೆಸಾಜ್‌ನಲ್ಲಿ ಇದ್ದು ನಮ್ಮ ಮಗ್ಗಂ ವರ್ಕ್ ಅಂಗಡಿಯಲ್ಲಿ ಇಲ್ಲದ್ದು ಏನು? ಸೂಜಿ ಇದೆ, ಚೌಕಟ್ಟಿದೆ, ಹೊಲಿಗೆ ಇದೆ, ಕಣ್ಣು ಕಟ್ಟುವ ಚಳಕ ಇದೆ. ಇಲ್ಲದ್ದು ಎರಡೇ: ಮಾದರಿಯ ಪುಸ್ತಕ, ಮಾಡಿದವರ ಹೆಸರು. ಗಿರಾಕಿ ಮೊಬೈಲು ತೆರೆದು "ಅಣ್ಣಾ, ಇದೇ ಡಿಸೈನ್ ಬೇಕು" ಎನ್ನುತ್ತಾರೆ. ಅಣ್ಣ ಅದನ್ನು ಹಾಗೇ ಇಳಿಸುವುದಿಲ್ಲ. ತೋಳಿನ ಅಳತೆಗೆ ಬಳ್ಳಿ ತಿರುಗಿಸುತ್ತಾನೆ, ಸೀರೆಯ ಅಂಚಿನ ಬಣ್ಣ ನೋಡಿ ಮಣಿ ಬದಲಿಸುತ್ತಾನೆ, ನವಿಲಿನ ಕೊರಳಿಗೆ ತನ್ನದೇ ಒಂದು ಬಾಗು ಕೊಡುತ್ತಾನೆ. ಬ್ಲೌಸು ಮದುವೆಗೆ ಹೋಗುತ್ತದೆ. ತೂತು ಹಾಕಿದ ಟ್ರೇಸಿಂಗ್ ಪೇಪರ್ ನಾಲ್ಕು ಸಲ ಬಳಸಿ ಹರಿದು ಕಸಕ್ಕೆ ಹೋಗುತ್ತದೆ. ಆ ಬಾಗು ಅಲ್ಲಿಗೆ ಮುಗಿಯಿತು.

ಈ ಸೀಮೆಗೆ ಮನೆತನ ಕಟ್ಟುವುದು ಗೊತ್ತಿಲ್ಲ ಎಂದು ಮಾತ್ರ ಯಾರೂ ಹೇಳದಿರಲಿ. ಪೆದ್ದಕಡುಬೂರಿನ ನೆರೆಯ ಎಮ್ಮಿಗನೂರಿನಲ್ಲಿ 1938ರಲ್ಲೇ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರೇ ಸಾಹುಕಾರನ ಮುಂದೆ ಕೈ ಚಾಚುತ್ತಿದ್ದ ನೇಕಾರರಿಗೆ ನೂಲು, ಮಾರಾಟ, ಒಂದು ಹೆಸರು ಎಲ್ಲ ಒಂದೇ ಸೂರಿನಡಿ ಸಿಕ್ಕಿತು. ಎಮ್ಮಿಗನೂರು ಎಂಬ ಊರ ಹೆಸರೇ ಬಟ್ಟೆಯ ಹೆಸರಾಯಿತು! 1954ರಲ್ಲಿ, ಪದ್ಮಶ್ರೀ ಶುರುವಾದ ಮೊದಲ ವರ್ಷವೇ, ಆ ಗೌರವ ಸೋಮಪ್ಪನವರಿಗೆ ಬಂತು. ಇನ್ನೂ ಹಿಂದಕ್ಕೆ ಹೋದರೆ ಜೋಡು ಹೊಲಿದ ಹರಳಯ್ಯನನ್ನು ಶರಣನೆಂದು ಕೈಮುಗಿದು ನೆನೆಯುವ ನಾಡು ನಮ್ಮದು. ಆರಿ ಹಿಡಿದ ಕೈಗೆ ಇದಕ್ಕಿಂತ ದೊಡ್ಡ ಬಿರುದನ್ನು ಪ್ಯಾರಿಸ್ಸೂ ಕೊಟ್ಟಿಲ್ಲ.

ಆದ್ದರಿಂದ ಆದವಾನಿ, ಎಮ್ಮಿಗನೂರು, ಬಳ್ಳಾರಿ, ರಾಯಚೂರುಗಳಲ್ಲಿ ಆರಿ ಹಿಡಿದು ಕೂತ ಅಣ್ಣಂದಿರಿಗೆ, ಅಕ್ಕಂದಿರಿಗೆ ನನ್ನ ಮಾತು ಇಷ್ಟೇ. ಒಂದು ದಪ್ಪ ನೋಟ್‌ಬುಕ್ ತನ್ನಿ. ಮಾಡಿದ ಪ್ರತಿ ಹೊಸ ಡಿಸೈನಿನ ಅಂಗೈಯಗಲದ ತುಣುಕನ್ನು ಹೊಲಿದು ಅಂಟಿಸಿ, ಪಕ್ಕದಲ್ಲಿ ತಾರೀಖು, ಬಳಸಿದ ದಾರ, ಮಣಿ, ಮಾಡಿದವರ ಹೆಸರು ಬರೆಯಿರಿ. ಬ್ಲೌಸಿನ ಒಳಮಗ್ಗುಲಲ್ಲಿ, ವರ್ತ್ ಹಚ್ಚಿದನಲ್ಲ, ಹಾಗೆ ನಿಮ್ಮ ಹೆಸರಿನ ಬೆರಳಗಲದ ಪಟ್ಟಿ ಹಚ್ಚಿ. ಮಾಡಿಸುವವರೂ ಅಷ್ಟೇ; ಮದುವೆಯಲ್ಲಿ ಯಾರಾದರೂ "ಎಲ್ಲಿ ಮಾಡಿಸಿದ್ದೆವ್ವಾ?" ಎಂದರೆ ಅಂಗಡಿಯ ಹೆಸರಿನ ಜೊತೆ ಹೊಲಿದವರ ಹೆಸರನ್ನೂ ಹೇಳಿ. ಮಿಶೋನೆಯೂ ಒಂದು ದಿನ ಮೊದಲ ತುಣುಕು ಎತ್ತಿಟ್ಟೇ ಶುರು ಮಾಡಿದ್ದು. 70,000 ಮಾದರಿಗಳ ಆ ಭಂಡಾರಕ್ಕೂ ಮೊದಲನೆಯದು ಎಂಬ ಒಂದು ತುಣುಕು ಇದ್ದೇ ಇತ್ತು!